ಗರ್ಭಿಣಿಯೂ ಅವಗಾಹಸ್ವೇದವೂ : ಒಂದು ನಿಷೇಧವಾಕ್ಯದ ಪಾಠವಿಚಾರ

1

ಬೆಂಗಳೂರಿನ ಉತ್ತರಭಾಗದ ಯಲಹಂಕ, ಹೆಬ್ಬಾಳ ಪ್ರದೇಶಗಳು ಒಂದು ತಲೆಮಾರಿನೊಳಗೆ ಗುರುತು ಸಿಗದಷ್ಟು ಬದಲಾಗಿವೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಕಾರ್ಯಾರಂಭ ಮಾಡಿದ ಮೇಲೆ ಆ ಮಾರ್ಗದಲ್ಲಿ ಹೋಟೆಲುಗಳೂ ವಸತಿಸಮುಚ್ಚಯಗಳೂ ಎದ್ದಿವೆ. ಅಂತಹ ಎಡೆಗಳಲ್ಲಿ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ ಕುಳಿತುಕೊಳ್ಳುವ 'ಹಾಟ್ ಟಬ್' ಎಂಬ ತೊಟ್ಟಿ ಈಗ ಅಪರೂಪವೇನಲ್ಲ. ಬಚ್ಚಲುಮನೆಯ ಹಂಡೆಯಿಂದ ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದ ಮನೆತನಗಳಿಗೆ ಈ ಪದ್ಧತಿ ಹೊಸದು. ಬಸುರಿಯಾದವಳು ಇದರಲ್ಲಿ ಇಳಿಯಬಹುದೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ವೈದ್ಯರು. ಆದರೆ 'ನಮ್ಮ ಶಾಸ್ತ್ರದಲ್ಲಿ ಹೀಗಿದೆ' ಎಂಬ ಮಾತು ಈ ಚರ್ಚೆಯಲ್ಲಿ ಬಂದೇ ಬರುವುದರಿಂದ, ಶಾಸ್ತ್ರದಲ್ಲಿ ಇರುವುದೇನು, ಅದು ಓಲೆಗರಿಗಳಲ್ಲಿ ಯಾವ ರೂಪದಲ್ಲಿ ನಮ್ಮವರೆಗೆ ಬಂದಿದೆ ಎಂಬುದನ್ನು ಹಸ್ತಪ್ರತಿಗಳ ಅಭ್ಯಾಸಿಗಳು ವಿಚಾರಿಸುವುದು ಉಚಿತ.

2

ಜೈನ ಪರಂಪರೆಯು ವೈದ್ಯವಿದ್ಯೆಯ ಮೂಲವನ್ನು ದ್ವಾದಶಾಂಗದ ಹದಿನಾಲ್ಕು ಪೂರ್ವಗಳಲ್ಲೊಂದಾದ ಪ್ರಾಣಾವಾಯದಲ್ಲಿ ಕಾಣುತ್ತದೆ. ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ಕಲ್ಯಾಣಕಾರಕದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ಶಿಶುವೈದ್ಯಕ್ಕೆ ಮೇಘನಾದನನ್ನೂ ಹೆಸರಿಸುತ್ತಾನೆ. ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಪೂಜ್ಯಪಾದರದೆಂದು ಪರಂಪರೆ ಹೇಳುವ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಕನ್ನಡಿಸಿದನು. ಬಾಲಗ್ರಹಚಿಕಿತ್ಸೆಯನ್ನು ರಚಿಸಿದ ದೇವೇಂದ್ರಮುನಿಯೂ ಇದೇ ಸಾಲಿನವನು.

ಈ ವಿದ್ಯೆ ಬೆಂಗಳೂರಿನ ನೆಲಕ್ಕೆ ಪರಕೀಯವಲ್ಲ. ಹೆಬ್ಬಾಳದ ಕಿತ್ತಯ್ಯನ ಶಾಸನವು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೂಜ್ಯಪಾದರನ್ನು ಗಂಗ ದುರ್ವಿನೀತನ ಗುರುಗಳೆಂದು ಹೇಳುವ ಐತಿಹ್ಯವೂ ಆ ಅರಸುಮನೆತನಕ್ಕೇ ಸೇರಿದ್ದು.

3

ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರುವುದಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟವಾದ ಹೆಸರಿದೆ. ಚರಕಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯವು ಹದಿಮೂರು ಬಗೆಯ ಸ್ವೇದಗಳನ್ನು ಹೇಳುತ್ತದೆ. ಕಾಯಿಸಿದ ದ್ರವವನ್ನು ಮೈಮೇಲೆ ಧಾರೆಯಾಗಿ ಹೊಯ್ಯುವುದು ಪರಿಷೇಕ. ಅದೇ ದ್ರವವನ್ನು ತೊಟ್ಟಿಯಲ್ಲಿ ತುಂಬಿ ಅದರೊಳಗೆ ಇಳಿಸುವುದು ಅವಗಾಹ. ಸುಶ್ರುತನು ಸ್ವೇದವನ್ನು ತಾಪ, ಊಷ್ಮ, ಉಪನಾಹ, ದ್ರವ ಎಂದು ನಾಲ್ಕಾಗಿ ವಿಂಗಡಿಸಿ ಈ ಎರಡನ್ನೂ ದ್ರವಸ್ವೇದದಲ್ಲಿ ಸೇರಿಸುತ್ತಾನೆ. ಚರಕನು ಅವಗಾಹಕ್ಕೆ ಹೇಳುವ ದ್ರವಗಳಲ್ಲಿ ಕಷಾಯ, ಹಾಲು, ಎಣ್ಣೆ, ತುಪ್ಪಗಳೊಡನೆ ಮಾಂಸರಸವೂ ಇದೆ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಜೈನ ವೈದ್ಯರ ಕ್ರಮದಲ್ಲಿ ಈ ಕೊನೆಯದಕ್ಕೆ ಎಡೆಯಿಲ್ಲವೆಂಬುದು ಹೇಳದೆಯೇ ತಿಳಿಯುವ ವಿಷಯ. ಪ್ರಕ್ರಿಯೆ ಮಾತ್ರ ಇಂದಿನ ತೊಟ್ಟಿಯದೇ ಆಗಿದೆ.

ಹೀಗೆ ಸ್ವೇದಕ್ಕೆ ಯೋಗ್ಯರಲ್ಲದವರ ಪಟ್ಟಿಯಲ್ಲಿ ಚರಕ, ಸುಶ್ರುತ, ವಾಗ್ಭಟ ಮೂವರೂ ಗರ್ಭಿಣಿಯನ್ನು ಸೇರಿಸಿದ್ದಾರೆ. ವಾಗ್ಭಟನು ತಡೆಯಲಾಗದ ಸಂದರ್ಭವಿದ್ದರೆ ಮೃದುಸ್ವೇದವಾಗಬಹುದೆಂದು ಮಾತ್ರ ಸಡಿಲಿಸುತ್ತಾನೆ. ನಿಷೇಧದ ಕಾರಣವನ್ನು ಸ್ವೇದದ ಲಕ್ಷಣದಲ್ಲಿಯೇ ಕಾಣಬಹುದು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಸ್ವೇದವನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಮೈಯೇ ಪ್ರಮಾಣ: ಚಳಿ ಮತ್ತು ನೋವು ಅಡಗಬೇಕು, ಬಿಗುವು ಸಡಿಲಬೇಕು, ಮೈ ಮೃದುವಾಗಿ ಬೆವರಬೇಕು. ಅಂದರೆ ಕ್ರಿಯೆ ಸಫಲವಾಯಿತೆನ್ನುವ ಹೊತ್ತಿಗೆ ಒಳಮೈ ಆಗಲೇ ಕಾದಿರುತ್ತದೆ. ರೋಗಿಗೆ ಇದು ಹಿತ. ಎರಡು ಜೀವಗಳನ್ನು ಹೊತ್ತ ಮೈಗೆ ಹಾಗೆ ಹೇಳಲಾಗದು.

ಇದನ್ನು ಬಿಸಿನೀರಿನ ಸ್ನಾನಕ್ಕೆಲ್ಲ ಹಾಕಿದ ನಿಷೇಧವೆಂದು ತಿಳಿಯುವುದು ತಪ್ಪು. ಹೆರಿಗೆ ಸಮೀಪಿಸಿದವಳಿಗೆ ಅಭ್ಯಂಜನ ಮಾಡಿ ಬಿಸಿನೀರಿನ ಪರಿಷೇಕ ಮಾಡಬೇಕೆಂದು ಸುಶ್ರುತನೇ ಶಾರೀರಸ್ಥಾನದಲ್ಲಿ ವಿಧಿಸಿದ್ದಾನೆ. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹೊಯ್ಯುವ ನಮ್ಮ ಮನೆಗಳ ರೂಢಿ ಸರ್ವವಿದಿತ. ಬಾಣಂತಿಗೆ ಒಗ್ಗುವುದನ್ನು ಬಸುರಿಗೆ ಅನ್ವಯಿಸಬಾರದು. ಮೈಮೇಲೆ ಹರಿದುಹೋಗುವ ನೀರನ್ನೂ ಮೈಯನ್ನು ಸುತ್ತುವರಿದು ನಿಂತ ನೀರನ್ನೂ ಒಂದೆಂದು ಭಾವಿಸಬಾರದು. ಶ್ವೇತಾಂಬರರ ಕಲ್ಪಸೂತ್ರದಲ್ಲಿ ತ್ರಿಶಲಾದೇವಿಯು ಗರ್ಭವತಿಯಾಗಿದ್ದಾಗ ಅತಿಶೀತವೂ ಅತಿಉಷ್ಣವೂ ಅಲ್ಲದ ಆಹಾರ ವಸ್ತ್ರಾದಿಗಳಿಂದ ಗರ್ಭವನ್ನು ಕಾಪಾಡಿಕೊಂಡಳೆಂಬ ವರ್ಣನೆಯಿದೆ. ವೈದ್ಯರ ವಿಧಿಗೂ ಈ ವರ್ಣನೆಗೂ ಆಶಯ ಒಂದೇ.

4

ಇನ್ನು ಪಾಠದ ವಿಚಾರ. ಓಲೆಗರಿಗಳಲ್ಲಿ ಪದಗಳನ್ನು ಬಿಡಿಸಿ ಬರೆಯುವ ರೂಢಿಯಿಲ್ಲ. ಅವಗ್ರಹಚಿಹ್ನೆಯನ್ನು ಲಿಪಿಕಾರರು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. ಇದರಿಂದ ಆಗಬಹುದಾದ ಅನರ್ಥಕ್ಕೆ ಸ್ವೇದಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. 'ಅವರು ಸ್ವೇದಕ್ಕೆ ಯೋಗ್ಯರಲ್ಲ' ಎಂಬರ್ಥದ 'ತೇ ಅಸ್ವೇದ್ಯಾಃ' ಎಂಬುದು ಸಂಧಿಯಾದಾಗ ಅಕಾರವು ಲೋಪವಾಗಿ, ಅವಗ್ರಹವಿಲ್ಲದ ಬರಹದಲ್ಲಿ 'ತೇಸ್ವೇದ್ಯಾಃ' ಎಂದಾಗುತ್ತದೆ. 'ಅವರು ಸ್ವೇದಕ್ಕೆ ಯೋಗ್ಯರು' ಎಂಬರ್ಥದ 'ತೇ ಸ್ವೇದ್ಯಾಃ' ಎಂಬುದನ್ನೂ ಲಿಪಿಕಾರನು ಅಕ್ಷರಶಃ ಹೀಗೆಯೇ ಬರೆಯುತ್ತಾನೆ. ಎರಡರಲ್ಲಿಯೂ ಮೂರೇ ಅಕ್ಷರಗಳು, ಮೂರೂ ಗುರುಗಳೇ. ಆದ್ದರಿಂದ ಎಂದಿನಂತೆ ಛಂದಸ್ಸನ್ನು ಹಿಡಿದು ಪಾಠವನ್ನು ನಿರ್ಣಯಿಸುವ ಉಪಾಯವೂ ಇಲ್ಲಿ ನಡೆಯದು. ನಿಷೇಧವು ವಿಧಿಯಾಗಿ ತಿರುಗುವುದಕ್ಕೆ ಓದುಗನ ಅಲಕ್ಷ್ಯವೊಂದೇ ಸಾಕು.

ಇಂತಹ ಎಡೆಯಲ್ಲಿ ಸಂಪಾದಕನಿಗೆ ಎರಡು ಆಧಾರಗಳುಂಟು. ಒಂದು, ಪಟ್ಟಿಯ ಸಹವಾಸ: ಗರ್ಭಿಣಿಯ ಜೊತೆಯಲ್ಲಿ ರಕ್ತಪಿತ್ತದವರೂ ಮದ್ಯ ಕುಡಿದವರೂ ಬಂದಿದ್ದರೆ ಅದು ವರ್ಜ್ಯರ ಪಟ್ಟಿಯೇ. ಎರಡು, ಕನ್ನಡ ಟೀಕೆ. ಕನ್ನಡದಲ್ಲಿ ನಿಷೇಧವು ಕ್ರಿಯಾಪದದೊಳಗೇ ಇರುತ್ತದೆ. 'ಬೆಮರಿಸಲಕ್ಕುಂ' ಎಂಬುದಕ್ಕೂ 'ಬೆಮರಿಸಲಾಗದು' ಎಂಬುದಕ್ಕೂ ಗೊಂದಲವಾಗುವ ಸಂಭವವಿಲ್ಲ. ಸಂಧಿಯಲ್ಲಿ ಮರೆಯಾದ ಸಂಸ್ಕೃತದ ಒಂದು ಅಕಾರವನ್ನು ಕನ್ನಡದ ಈ ನಿಷೇಧರೂಪವು ಉಳಿಸಿಕೊಡಬಲ್ಲುದು. ಕನ್ನಡ ಟೀಕೆಗಳನ್ನು ಮಂದಬುದ್ಧಿಗಳಿಗಾಗಿ ಬರೆದವೆಂದು ಬದಿಗಿರಿಸುವ ವಿದ್ವಾಂಸರು ಇದನ್ನು ಗಮನಿಸಬೇಕು. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯನ್ನು ತೆರೆದವರಿಗೆ ನಮ್ಮ ಬಸದಿ ಮಠಗಳ ಭಂಡಾರಗಳ ವಿಸ್ತಾರ ತಿಳಿದೇ ಇದೆ.

5

ಈಗಿನ ವೈದ್ಯವಿಜ್ಞಾನವು ಈ ವಿಷಯದಲ್ಲಿ ಹೇಳುವುದನ್ನು ಸಂಕ್ಷೇಪವಾಗಿ ನೋಡಬಹುದು. ಮನುಷ್ಯನ ಒಳಮೈಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಗರ್ಭದ ಮೊದಲ ತಿಂಗಳುಗಳಲ್ಲಿ ಇದು 39 ಡಿಗ್ರಿಯನ್ನು ದಾಟಬಾರದೆಂಬುದು ವೈದ್ಯರ ಕಾಳಜಿ. ತೊಟ್ಟಿಯ ನೀರನ್ನು ಸುಮಾರು 40 ಡಿಗ್ರಿಯಲ್ಲಿ ಆರದಂತೆ ಇಟ್ಟಿರುತ್ತಾರೆ. ಮುಳುಗಿದ ಮೈಯ ಬೆವರು ಆರಿಹೋಗಲು ಎಡೆಯಿಲ್ಲ. 1981ರಲ್ಲಿ ಕೆನಡಾದ ವೈದ್ಯಪತ್ರಿಕೆಯೊಂದರಲ್ಲಿ ಬಂದ ಅಧ್ಯಯನವು, ಗರ್ಭಿಣಿಯರಲ್ಲದ ಸ್ತ್ರೀಯರನ್ನು ಪರೀಕ್ಷಿಸಿ, 39 ಡಿಗ್ರಿಯ ನೀರಿನಲ್ಲಿ 15 ನಿಮಿಷ, 41 ಡಿಗ್ರಿಯದರಲ್ಲಿ 10 ನಿಮಿಷ ಎಂಬ ಮಿತಿಯನ್ನು ಸೂಚಿಸಿತು. 1992ರಲ್ಲಿ ಅಮೆರಿಕದಲ್ಲಿ ಮಿಲನ್‌ಸ್ಕಿ ಮತ್ತು ಸಂಗಡಿಗರು ಸುಮಾರು 23,000 ಗರ್ಭಿಣಿಯರ ವೃತ್ತಾಂತವನ್ನು ಪರಿಶೀಲಿಸಿ, ಆರಂಭದಲ್ಲಿ ಇಂತಹ ತೊಟ್ಟಿಯನ್ನು ಬಳಸಿದವರ ಶಿಶುಗಳಲ್ಲಿ ಮಿದುಳು ಬೆನ್ನುಹುರಿಗಳ ನಾಳದ ದೋಷವು ಎರಡೂವರೆ ಪಟ್ಟಿಗೂ ಮೀರಿ ಕಂಡುಬಂದಿತೆಂದು ತಿಳಿಸಿದರು. 2003ರ ಕ್ಯಾಲಿಫೋರ್ನಿಯಾದ ಅಧ್ಯಯನವು ಗರ್ಭಪಾತದ ಸಂಭವ ಸುಮಾರು ಇಮ್ಮಡಿಯೆಂದಿತು. ಇದಕ್ಕೆ ಎದುರಾಗಿ, 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 40 ಡಿಗ್ರಿಯ ನೀರಿನಲ್ಲಿ 20 ನಿಮಿಷದವರೆಗೆ ಕುಳಿತ ಗರ್ಭಿಣಿಯರಲ್ಲಿ ಯಾರ ಒಳಮೈಯೂ 39 ಡಿಗ್ರಿಯನ್ನು ಮೀರಲಿಲ್ಲವೆಂದಿದೆ. ಬಿಸಿಹಬೆಯ ಸ್ನಾನವೇ ನಿತ್ಯರೂಢಿಯಾದ ಫಿನ್‌ಲೆಂಡಿನ ಸ್ತ್ರೀಯರು ಬಸಿರಿನಲ್ಲಿಯೂ ಅದನ್ನು ಮಿತವಾಗಿ ಮುಂದುವರಿಸುತ್ತಾರೆ. ಆದ್ದರಿಂದ ಅಪಾಯವು ಉಷ್ಣತೆ, ಅವಧಿ, ಗರ್ಭದ ಕಾಲ ಇವು ಮೂರನ್ನೂ ಅವಲಂಬಿಸಿದೆ. ಮೊದಲ ಮೂರು ತಿಂಗಳು ತೊಟ್ಟಿಯನ್ನು ವರ್ಜಿಸುವುದು, ಅನಂತರವೂ ವೈದ್ಯರನ್ನು ಕೇಳಿಯೇ ನಡೆಯುವುದು ಎಂಬುದು ಪ್ರಸೂತಿತಜ್ಞರ ಸಾಮಾನ್ಯ ಸಲಹೆ. ಬೆಚ್ಚನೆಯ ನೀರಿನ ನಿತ್ಯಸ್ನಾನಕ್ಕೆ ಅಡ್ಡಿಯಿಲ್ಲ.

ಒಂದು ಅಂಶವನ್ನು ಇಲ್ಲಿ ಒತ್ತಿ ಹೇಳಬೇಕು. ಜಿನಸೇನಾಚಾರ್ಯರ ಆದಿಪುರಾಣದ ಗರ್ಭಾನ್ವಯ ಕ್ರಿಯೆಗಳಲ್ಲಿ ಆಧಾನದ ಅನಂತರ ಬರುವ ಪ್ರೀತಿಕ್ರಿಯೆ ಮೂರನೆಯ ತಿಂಗಳಿನದು. ಮನೆಯವರೆಲ್ಲ ಬಸುರಿಯೆಂದು ಅವಳನ್ನು ಜೋಪಾನ ಮಾಡತೊಡಗುವುದು ಆಗಲೇ. ಆದರೆ ಶಿಶುವಿನ ಮಿದುಳು ಬೆನ್ನುಹುರಿಗಳ ನಾಳವು ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂಬುದೇ ತಿಳಿದಿರುವುದಿಲ್ಲ. ಆದುದರಿಂದ ಶಾಸ್ತ್ರವು 'ಗರ್ಭಿಣಿ'ಗೆ ಹೇಳಿದ ನಿಷೇಧವನ್ನು ಗರ್ಭವನ್ನು ನಿರೀಕ್ಷಿಸುವವಳೂ ಪಾಲಿಸುವುದು ಮೇಲು. ಪ್ರಾಚೀನರು ಬೆವರನ್ನು ಕಂಡು ಊಹಿಸಿದುದನ್ನು ಇಂದಿನವರು ಉಷ್ಣಮಾಪಕದಿಂದ ಅಳೆದಿದ್ದಾರೆ. ಇಬ್ಬರ ಎಚ್ಚರಿಕೆಯೂ ಒಂದೆಡೆಗೆ ಬಂದು ಸೇರುತ್ತದೆ.

ವೈದ್ಯಗ್ರಂಥಗಳ ಸಂಪಾದನೆಯು ಕಾವ್ಯಸಂಪಾದನೆಯಂತಲ್ಲ. ಕಾವ್ಯದಲ್ಲಿ ಅಪಪಾಠವಾದರೆ ರಸಭಂಗ, ವೈದ್ಯದಲ್ಲಾದರೆ ಪ್ರಾಣಹಾನಿ. ಇನ್ನೂ ಅಚ್ಚಾಗದ ವೈದ್ಯದ ಓಲೆಗಳನ್ನು ಕೈಗೆತ್ತಿಕೊಳ್ಳುವ ತರುಣ ವಿದ್ವಾಂಸರು ವರ್ಜ್ಯಪ್ರಕರಣಗಳಲ್ಲಿ ಪ್ರತಿಯೊಂದು ಸಂಧಿಯನ್ನೂ ಎರಡು ಬಾರಿ ಬಿಡಿಸಿ ನೋಡಲಿ, ಟೀಕೆಯಿದ್ದರೆ ಅದರೊಡನೆ ಹೋಲಿಸಲಿ, ಆಯುರ್ವೇದಜ್ಞರೊಬ್ಬರಿಗೆ ತೋರಿಸಿದ ಮೇಲೆಯೇ ಅಚ್ಚಿಗೆ ಕೊಡಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.