ಇಳಯರಾಜ ಅವರದ್ದು ಪ್ರೊಗ್ರೆಸಿವ್ ರಾಕ್ ಆಗುತ್ತಾ?

ಪ್ರೊಗ್ರೆಸಿವ್ ರಾಕ್ ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ, ಬ್ರಿಟನ್ನಿನಲ್ಲಿ. ಕಿಂಗ್ ಕ್ರಿಮ್ಸನ್, ಯೆಸ್ ಥರದ ಬ್ಯಾಂಡ್‌ಗಳು ರಾಕ್ ಹಾಡಿನ ಸಿದ್ಧ ಅಚ್ಚು ಮುರಿದು ಶಾಸ್ತ್ರೀಯ ವಿನ್ಯಾಸ, ಬದಲಾಗುವ ತಾಳ, ಉದ್ದನೆಯ ವಾದ್ಯಭಾಗ ತಂದವು.

ಕನ್ನಡದ 'ಪಲ್ಲವಿ ಅನುಪಲ್ಲವಿ'ಗೆ (1983) ಸಂಗೀತ ಕೊಟ್ಟ ಇಳಯರಾಜ ಅವರ 'ಹೌ ಟು ನೇಮ್ ಇಟ್' (1986) ಕೇಳಿದರೆ ಇದೇ ಹಂಬಲ ಕಾಣುತ್ತೆ. ಅದು ಸಿನಿಮಾ ಸಂಗೀತವಲ್ಲ. ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿದ ಆಲ್ಬಂ.

ಆದರೂ ನಾನು ಅದನ್ನು ಪ್ರೊಗ್ರೆಸಿವ್ ರಾಕ್ ಅನ್ನಲ್ಲ. ಆ ಪ್ರಕಾರದ ಬೇರು ರಾಕ್ ಬ್ಯಾಂಡಿನಲ್ಲಿದೆ. ಇದರದ್ದು ಕರ್ನಾಟಕ ಸಂಗೀತ ಮತ್ತು ಪಾಶ್ಚಾತ್ಯ ಶಾಸ್ತ್ರೀಯದಲ್ಲಿ. ಹೋಲಿಸೋಣ, ತಪ್ಪಿಲ್ಲ. ಆದರೆ ನಮ್ಮ ಪ್ರಯೋಗ ದೊಡ್ಡದು ಅನ್ನಿಸಿಕೊಳ್ಳೋಕೆ ಲಂಡನ್ನಿನ ಸರ್ಟಿಫಿಕೇಟ್ ಯಾಕೆ ಬೇಕು?