ಕಾಳ್ಗಿಚ್ಚಿನ ಹೊಗೆ, ಮರಳುಗಾಡಿನ ದೂಳು: ಉಪಗ್ರಹಗಳು ಜಾಡು ಹಿಡಿಯುವ ಬಗೆ

2023ರ ಜೂನ್ 7ರಂದು ನ್ಯೂಯಾರ್ಕ್ ನಗರದ ಆಕಾಶ ಹಗಲಿನಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೆಂಕಿ ಇದ್ದದ್ದು ನೂರಾರು ಕಿ.ಮೀ. ಉತ್ತರಕ್ಕೆ, ಕೆನಡಾದ ಕ್ವಿಬೆಕ್ ಕಾಡುಗಳಲ್ಲಿ. ತಿಂಗಳ ಕೊನೆಗೆ ಕೆನಡಾದ ಹೊಗೆ ಅಟ್ಲಾಂಟಿಕ್ ದಾಟಿ ಯುರೋಪನ್ನೂ ಮುಟ್ಟಿತು. ಸಾಗರದ ಮೇಲೆ ಗಾಳಿಯ ಗುಣಮಟ್ಟ ಅಳೆಯುವ ಕೇಂದ್ರಗಳು ತೀರಾ ವಿರಳ. ಅಲ್ಲಿ ಹೊಗೆಯ ಬೆನ್ನು ಹತ್ತುವುದು ಉಪಗ್ರಹಗಳ ಕೆಲಸ. ಆದರೆ ಒಂದೇ ಉಪಗ್ರಹ ಅದನ್ನು ಪೂರೈಸಲಾರದು.

ಹೊಗೆಯೋ, ದೂಳೋ, ಮೋಡವೋ?

ಮಾಮೂಲಿ ಬಣ್ಣದ ಚಿತ್ರದಲ್ಲಿ ಮೂರನ್ನೂ ಬೇರ್ಪಡಿಸುವುದು ಕಷ್ಟ. ಬೇರೆ ಬೇರೆ ತರಂಗಾಂತರಗಳಲ್ಲಿ ನೋಡಿದಾಗ ಅವುಗಳ ಗುಟ್ಟು ರಟ್ಟಾಗುತ್ತದೆ. ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನ್‌ಗಿಂತ ಸಣ್ಣವು. ಅವಕೆಂಪು ಕಿರಣಗಳಿಗೆ ಅವು ಅಷ್ಟಾಗಿ ಅಡ್ಡಬರುವುದಿಲ್ಲ. ಹೀಗಾಗಿ ಹೊಗೆಯಡಿಯ ಉರಿಯನ್ನು ಸುಮಾರು 4 ಮೈಕ್ರಾನ್ ತರಂಗಾಂತರದಲ್ಲಿ ಗುರುತಿಸಬಹುದು. ದೂಳಿನ ಕಣಗಳು ದೊಡ್ಡವು, ಖನಿಜಗಳಿಂದಾದವು. ಅವು 11 ಮತ್ತು 12 ಮೈಕ್ರಾನ್‌ಗಳಲ್ಲಿ ಶಾಖಕಿರಣವನ್ನು ಹೀರುವ ಪ್ರಮಾಣ ಬೇರೆ ಬೇರೆ. ಆ ವ್ಯತ್ಯಾಸದಿಂದ ರಾತ್ರಿಯಲ್ಲೂ ದೂಳನ್ನು ಪತ್ತೆಹಚ್ಚಬಹುದು.

ಹೊಗೆ ಮತ್ತು ದೂಳು ಅತಿನೇರಳೆ ಕಿರಣಗಳನ್ನು ಹೀರುತ್ತವೆ, ಮೋಡ ಹೀರುವುದಿಲ್ಲ. ಆದ್ದರಿಂದ ಬಿಳಿ ಮೋಡದ ಮೇಲೆ ತೇಲುವ ಹೊಗೆಯೂ ಸಿಕ್ಕಿಬೀಳುತ್ತದೆ. 1978ರಲ್ಲಿ ಹಾರಿದ ನಿಂಬಸ್-7ರ ಓಝೋನ್ ಮಾಪಕದ ದತ್ತಾಂಶದಿಂದಲೇ ಈ ವಿಧಾನ ರೂಪುಗೊಂಡಿತು.

ಎರಡು ಬಗೆಯ ಕಕ್ಷೆಗಳು

ಟೆರ್ರಾ (1999), ಆಕ್ವಾ (2002), ಸುವೋಮಿ ಎನ್‌ಪಿಪಿ (2011) ಉಪಗ್ರಹಗಳ ಧ್ರುವೀಯ ಕಕ್ಷೆಯ ಎತ್ತರ 700ರಿಂದ 830 ಕಿ.ಮೀ. ಸುವೋಮಿಯ ವಿಐಐಆರ್‌ಎಸ್ ಉಪಕರಣ 375 ಮೀಟರ್ ವಿಂಗಡಣೆಯಲ್ಲಿ ಬೆಂಕಿಯ ತಾಣ ತೋರಿಸಬಲ್ಲದು. ಚಿತ್ರ ಸೂಕ್ಷ್ಮ, ಆದರೆ ಭೇಟಿ ಅಪರೂಪ: ನಮ್ಮ ಅಕ್ಷಾಂಶಗಳಲ್ಲಿ ಹಗಲಿಗೊಮ್ಮೆ, ಇರುಳಿಗೊಮ್ಮೆ.

ಭೂಸ್ಥಿರ ಉಪಗ್ರಹಗಳು 35,786 ಕಿ.ಮೀ. ಎತ್ತರದಿಂದ ಭೂಮಿಯ ಒಂದೇ ಮಗ್ಗುಲನ್ನು ಸದಾ ನೋಡುತ್ತವೆ. ಜಪಾನಿನ ಹಿಮಾವರಿ ಹತ್ತು ನಿಮಿಷಕ್ಕೊಮ್ಮೆ ಚಿತ್ರ ಕಳಿಸುತ್ತದೆ. ವಿವರ ಕಡಿಮೆಯಾದರೂ ಹೊಗೆ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಸರಿಯುತ್ತಿದೆ ಎಂಬುದು ಇವುಗಳಿಂದಲೇ ತಿಳಿಯಬೇಕು. ಭಾರತದ ಇನ್‌ಸ್ಯಾಟ್ ಹವಾಮಾನ ಉಪಗ್ರಹಗಳೂ ಇದೇ ಗುಂಪಿನವು. ಅವುಗಳ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ.

ಎತ್ತರ ಏಕೆ ಮುಖ್ಯ?

ಎತ್ತರ ಬದಲಾದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತವೆ. 2006ರಿಂದ 2023ರವರೆಗೆ ದುಡಿದ ಕ್ಯಾಲಿಪ್ಸೊ ಉಪಗ್ರಹ ಲೇಸರ್ ಮಿಂಚು ಹಾಯಿಸಿ, ಮರಳಿದ ಬೆಳಕಿನಿಂದ ಪದರಗಳ ಎತ್ತರ ಅಳೆಯುತ್ತಿತ್ತು. ಆಸ್ಟ್ರೇಲಿಯಾದ 2019–20ರ ಕಾಳ್ಗಿಚ್ಚಿನ ಹೊಗೆಯ ಒಂದು ಭಾಗ ಸುಮಾರು 35 ಕಿ.ಮೀ. ಎತ್ತರಕ್ಕೇರಿದ್ದು ಇಂಥ ಅಳತೆಗಳಿಂದ ಗೊತ್ತಾಯಿತು.

ಸಹಾರಾದಿಂದ ಅಮೆಝಾನ್‌ಗೆ

ಕ್ಯಾಲಿಪ್ಸೊದ 2007–13ರ ದತ್ತಾಂಶದ ಪ್ರಕಾರ, ವರ್ಷಕ್ಕೆ ಸರಾಸರಿ 2.77 ಕೋಟಿ ಟನ್ ಸಹಾರಾ ದೂಳು ಅಮೆಝಾನ್ ಜಲಾನಯನ ಪ್ರದೇಶದಲ್ಲಿ ಉದುರುತ್ತದೆ. ಅದರಲ್ಲಿರುವ ಸುಮಾರು 22,000 ಟನ್ ರಂಜಕ, ಮಳೆ-ಪ್ರವಾಹಗಳಲ್ಲಿ ಆ ಕಾಡು ಕಳೆದುಕೊಳ್ಳುವ ರಂಜಕಕ್ಕೆ ಹೆಚ್ಚುಕಡಿಮೆ ಸಮ.

ಮಿತಿಗಳು

ದಟ್ಟ ಮೋಡದಡಿಯ ಬೆಂಕಿ, ಹೊಗೆ ಎರಡೂ ಮರೆಯಾಗುತ್ತವೆ. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಉಪಗ್ರಹ ಹಾದುಹೋದ ಮೇಲೆ ಪಂಜಾಬಿನಲ್ಲಿ ಕೂಳೆಗೆ ಹಚ್ಚಿದ ಬೆಂಕಿ ಅದರ ಲೆಕ್ಕದಿಂದ ತಪ್ಪಿಹೋಗಬಹುದು. ಇನ್ನೊಂದು ತೊಡಕು ಹೆಚ್ಚು ಗಂಭೀರ: ಉಪಗ್ರಹ ಸಾಮಾನ್ಯವಾಗಿ ಅಳೆಯುವುದು ನೆಲದಿಂದ ಮುಗಿಲವರೆಗಿನ ಕಣಗಳ ಒಟ್ಟು ಪ್ರಮಾಣವನ್ನು. ಮೂರು ಕಿ.ಮೀ. ಮೇಲೆ ತೇಲುವ ಹೊಗೆ ಚಿತ್ರದಲ್ಲಿ ದಟ್ಟವಾಗಿದ್ದರೂ ಕೆಳಗಿನವರ ಮೂಗಿಗೆ ತಾಗದಿರಬಹುದು. ಆದ್ದರಿಂದ ಹೊಗೆ ಎತ್ತ ಬರುತ್ತಿದೆ ಎಂದು ತಿಳಿಯಲು ಉಪಗ್ರಹ ಚಿತ್ರ ನೋಡಬೇಕು. ಮನೆಯಿಂದ ಹೊರಗೆ ಹೋಗಬಹುದೇ ಎಂದು ತೀರ್ಮಾನಿಸಲು ಹತ್ತಿರದ ಮಾಪನ ಕೇಂದ್ರದ ವಾಯು ಗುಣಮಟ್ಟ ಸೂಚ್ಯಂಕವನ್ನೇ ನಂಬಬೇಕು.