ರೈಲಿನಲ್ಲಿ ದಂಪತಿಗೆ ಒಟ್ಟಿಗೆ ಬರ್ತ್ ಬೇಕೇ? ಟಿಕೆಟ್ ಬುಕ್ ಮಾಡುವ ಮುನ್ನ ಇದು ತಿಳಿದಿರಲಿ

ಹೈದರಾಬಾದ್: ನಗರದ ಕಾಚಿಗುಡ ನಿಲ್ದಾಣದಿಂದ ಕರ್ನೂಲು, ಅನಂತಪುರ ಮಾರ್ಗವಾಗಿ ಬೆಂಗಳೂರು, ಮೈಸೂರಿಗೆ ರಾತ್ರಿ ರೈಲಿದೆ. ಹಬ್ಬ, ಮದುವೆಗೆಂದು ಊರಿಗೆ ಹೊರಡುವ ಇಲ್ಲಿನ ಕನ್ನಡಿಗ ದಂಪತಿ ಈ ಅಂಶಗಳನ್ನು ಗಮನಿಸುವುದು ಒಳಿತು.

ಒಂದೇ ಪಿಎನ್‌ಆರ್: ಇಬ್ಬರ ಹೆಸರೂ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಬುಕ್ ಮಾಡಿದರೆ ಬೋಗಿಯೇ ಬದಲಾಗಬಹುದು. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ.

ಸೈಡ್ ಬರ್ತ್: ಸ್ಲೀಪರ್ ಬೋಗಿಯಲ್ಲಿ 7–8, 15–16ರಂತಹ ಸೈಡ್ ಲೋವರ್, ಸೈಡ್ ಅಪ್ಪರ್ ಜೋಡಿ ಸಿಕ್ಕರೆ ಹಗಲಲ್ಲಿ ಎದುರುಬದುರು ಕೂರಬಹುದು. ಎತ್ತರದವರಿಗೆ ಮಲಗಲು ಇಕ್ಕಟ್ಟು.

ಆರ್‌ಎಸಿ: ಒಂದೇ ಸೈಡ್ ಲೋವರ್ ಬರ್ತ್ ಇಬ್ಬರಿಗೆ. ಬೇರೆ ಬರ್ತ್ ಖಾಲಿಯಾಗದಿದ್ದರೆ ರಾತ್ರಿಯಿಡೀ ಹಂಚಿಕೊಳ್ಳಬೇಕು.

ಹಿರಿಯರ ಕೋಟಾ: 60 ವರ್ಷ ಮೇಲ್ಪಟ್ಟ ಪುರುಷರು, 45 ವರ್ಷ ಮೇಲ್ಪಟ್ಟ ಮಹಿಳೆಯರಿಗೆ ಲೋವರ್ ಬರ್ತ್ ಕೋಟಾ ಇದೆ. ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಯಿದ್ದರೆ ಅದು ಅನ್ವಯಿಸದು. ಹೀಗಾಗಿ ಮಕ್ಕಳೊಂದಿಗೆ ಹೊರಟರೂ ಅಪ್ಪ-ಅಮ್ಮನ ಟಿಕೆಟ್ ಪ್ರತ್ಯೇಕವಾಗಿರಲಿ. ಇಲ್ಲದಿದ್ದರೆ ಮಂಡಿನೋವಿರುವವರು ಮೇಲಿನ ಬರ್ತ್ ಹತ್ತಬೇಕಾದೀತು.

ಕೂಪೆ: ಫಸ್ಟ್ ಎಸಿಯಲ್ಲಿ ಬಾಗಿಲಿರುವ 2 ಬರ್ತ್‌ಗಳ ಕೋಣೆ ಇರುತ್ತದೆ. ಆದರೆ ದಂಪತಿಗೆ ಅದೇ ಸಿಗುವ ಖಾತರಿಯಿಲ್ಲ, 4 ಬರ್ತ್‌ಗಳ ಕ್ಯಾಬಿನ್ ಕೂಡ ಸಿಗಬಹುದು. ಯಾವುದೆಂದು ಚಾರ್ಟ್ ಸಿದ್ಧವಾದ ಬಳಿಕವೇ ತಿಳಿಯುತ್ತದೆ.